ಬಚ್ಚಿಡದಿದ್ದರೆ ಸಾಕೆ?

ಕನ್ನಡ ವ್ಯಾಕರಣದಲ್ಲಿ ನನಗೆ ಬಹಳ ಇಷ್ಟವಾದ ಪಾಠವೆಂದರೆ ಪ್ರೇರಣಾರ್ಥಕ ಕ್ರಿಯಾಪದಗಳದು. ಮಾಡು ಎಂಬುದು ಮಾಡಿಸು ಆಗುತ್ತದೆ, ಉಣ್ಣು ಉಣಿಸು ಆಗುತ್ತದೆ, ಕಲಿ ಕಲಿಸು ಆಗುತ್ತದೆ. ಪಾಠ ಮುಗಿದ ಮೇಲೆ ಮಕ್ಕಳನ್ನು ಒಂದು ಪ್ರಶ್ನೆ ಕೇಳುತ್ತೇನೆ. ತಾಯಿ ಅನ್ನ ಕಲಸಿ, ತಟ್ಟೆಯನ್ನು ಮಗುವಿನ ಮುಂದಿಟ್ಟು ಎದ್ದು ಹೋದಳು. ಮಗು ಒಂದು ತುತ್ತೂ ಬಾಯಿಗಿಡಲಿಲ್ಲ. ತಾಯಿ ಮಗುವಿಗೆ ಉಣಿಸಿದಳು ಎನ್ನಬಹುದೇ? ಇಡೀ ತರಗತಿ “ಇಲ್ಲ ಮಿಸ್” ಎನ್ನುತ್ತದೆ. ಹಾಗಾದರೆ ತಿಳಿ, ತಿಳಿಸು? ನಾನು ಹೇಳಿದೆ, ಕೇಳಿದವರಿಗೆ ತಿಳಿಯಲಿಲ್ಲ. ನಾನು ತಿಳಿಸಿದೆ ಎನ್ನಬಹುದೇ? ಇಲ್ಲಿ ಮಾತ್ರ ಮಕ್ಕಳಲ್ಲಿ ಎರಡು ಪಂಗಡವಾಗುತ್ತದೆ. ಹೇಳಿದ ಮೇಲೆ ಮುಗಿಯಿತು, ತಿಳಿದುಕೊಳ್ಳುವುದು ಅವರ ಕೆಲಸ ಎನ್ನುವವರು ಪ್ರತಿ ವರ್ಷವೂ ಇರುತ್ತಾರೆ.

ನನ್ನ ಅಕ್ಕನ ಮಗಳು ಬೆಂಗಳೂರಿನ ಒಂದು ಕಂಪೆನಿಯಲ್ಲಿ ಈ ಎರಡನೆಯ ಪಂಗಡದ ಕೆಲಸವನ್ನೇ ಮಾಡುತ್ತಾಳೆ ಎಂದು ನಾನು ತಮಾಷೆ ಮಾಡುವುದುಂಟು. ಅದು ಷೇರುಪೇಟೆಯಲ್ಲಿ ಹೆಸರು ನೋಂದಾಯಿಸಿಕೊಂಡ ಕಂಪೆನಿ. ಷೇರುದಾರರಿಗೆ ಕಂಪೆನಿ ಏನೇನು ಹೇಳಬೇಕೋ ಅದನ್ನೆಲ್ಲ ಹೊತ್ತುಹೊತ್ತಿಗೆ ಹೇಳುವ ವಿಭಾಗದಲ್ಲಿ ಅವಳಿದ್ದಾಳೆ. ಕಳೆದ ಬೇಸಿಗೆ ರಜೆಯಲ್ಲಿ ಬಂದವಳು, ಹೂಡಿಕೆದಾರರಿಗಾಗಿ ಕಂಪೆನಿಯ ಜಾಲತಾಣದಲ್ಲಿ ಹೊಸದಾಗಿ ಸಿದ್ಧಪಡಿಸಿದ್ದ ಪುಟಗಳನ್ನು ನನ್ನ ಮುಂದೆ ತೆರೆದಿಟ್ಟು, “ಚಿಕ್ಕಮ್ಮ, ನಿಮ್ಮಂಥವರಿಗೆ ಇದು ಅರ್ಥವಾಗುತ್ತದೆಯೇ ನೋಡಿ” ಎಂದಳು. ನಿಮ್ಮಂಥವರು ಎಂದರೆ ಯಾರೆಂದು ನಾನು ಕೇಳಲಿಲ್ಲ. ಆ ಮಧ್ಯಾಹ್ನದಿಂದ ಈ ವಿಷಯ ನನ್ನ ತಲೆಯಲ್ಲಿ ಕೊರೆಯುತ್ತಲೇ ಇದೆ.

ನಮ್ಮಲ್ಲಿ ಅನೇಕರು ಷೇರು ಎಂದರೆ ಜೂಜು ಎಂದೇ ತಿಳಿದು ಬೆಳೆದವರು. ಈಗ ಮಕ್ಕಳು ನಮ್ಮ ಹೆಸರಿನಲ್ಲಿ ಖಾತೆ ತೆರೆಯುತ್ತಾರೆ, ಗಂಡಂದಿರು ತೆರಿಗೆಯ ಯಾವುದೋ ಲೆಕ್ಕಾಚಾರಕ್ಕೆ ನಮ್ಮ ಸಹಿ ಹಾಕಿಸಿಕೊಳ್ಳುತ್ತಾರೆ. ಪೆನ್ಸಿಲಿನಲ್ಲಿ ಇಂಟು ಗುರುತು ಹಾಕಿದ ಕಡೆಯಲ್ಲೆಲ್ಲ ಸಹಿ ಮಾಡಿ ನಾವು ಒಗ್ಗರಣೆಗೆ ಏಳುತ್ತೇವೆ. ಹಾಗೆ ಎದ್ದು ಹೋದವಳು ಒಂದು ಕಂಪೆನಿಯ ಒಡತಿಯಾಗಿ ಹೋದಳೆಂಬುದು ಅವಳಿಗೇ ಗೊತ್ತಿರುವುದಿಲ್ಲ. ನೂರು ಷೇರಿನ ಒಡತಿ, ಕೋಟ್ಯಂತರ ಷೇರುಗಳ ನಡುವೆ, ಆದರೂ ಒಡತಿಯೇ.

ಅಂಚೆ ಕಚೇರಿಯ ಆರ್.ಡಿ.ಗೆ ಕಟ್ಟಿದ ಹಣ ಬಡ್ಡಿಯೊಡನೆ ಹಿಂದಿರುಗುತ್ತದೆ. ಹಾಗೆಂದು ಮೊದಲೇ ಮಾತಾಗಿರುತ್ತದೆ. ಬ್ಯಾಂಕಿನ ಠೇವಣಿಯೂ ಹಾಗೆಯೇ. ಷೇರಿನಲ್ಲಿ ಅಂಥ ಮಾತು ಒಂದೂ ಇಲ್ಲ. ಕೊಟ್ಟ ಹಣವನ್ನು ಹಿಂದಿರುಗಿಸುತ್ತೇವೆಂದು ಕಂಪೆನಿ ಹೇಳುವುದಿಲ್ಲ, ಲಾಭ ಬರುತ್ತದೆಂದು ಹೇಳುವುದಿಲ್ಲ, ಲಾಭ ಬಂದರೂ ಅದನ್ನು ಹಂಚಿಯೇ ತೀರುತ್ತೇವೆಂದು ಹೇಳುವುದಿಲ್ಲ. ಹಾಗಾದರೆ ಅವಳ ಹಣಕ್ಕೆ ಪ್ರತಿಯಾಗಿ ಸಿಕ್ಕಿದ್ದೇನು? ವರ್ಷಕ್ಕೊಮ್ಮೆ ಮತ ಹಾಕುವ ಹಕ್ಕು, ಲೆಕ್ಕ ಕೇಳುವ ಹಕ್ಕು. ಇದ್ದದ್ದನ್ನು ಇದ್ದಹಾಗೆ ಹೇಳುತ್ತೇವೆ ಎಂಬುದೊಂದೇ ಆ ಕಂಪೆನಿ ಅವಳಿಗೆ ನಿಜವಾಗಿ ಕೊಟ್ಟ ವಚನ. ಮತದ ಹಕ್ಕೂ ಅದರ ಮೇಲೆಯೇ ನಿಂತಿದೆ, ಏಕೆಂದರೆ ತಿಳಿಯದೆ ಹಾಕುವ ಮತ ಪೆನ್ಸಿಲಿನ ಇಂಟು ಗುರುತಿನ ಮೇಲೆ ಮಾಡಿದ ಇನ್ನೊಂದು ಸಹಿಯಷ್ಟೆ. ಆದ್ದರಿಂದ ಷೇರುದಾರರಿಗೆ ಸುದ್ದಿ ಹೇಳುವುದು ಕಂಪೆನಿಯ ಸೌಜನ್ಯವಲ್ಲ, ಅವರಿಗೆ ಸಲ್ಲಬೇಕಾದ ಬಾಕಿ ಎಂದೇ ನಾನು ತಿಳಿಯುತ್ತೇನೆ.

ಈ ಬಾಕಿಯ ಪಟ್ಟಿಯನ್ನು ಕಾನೂನು ಬಲು ಉದ್ದವಾಗಿಯೇ ಮಾಡಿದೆ. 1988ರಲ್ಲಿ ಹುಟ್ಟಿ 1992ರಲ್ಲಿ ಶಾಸನದ ಬಲ ಪಡೆದ ಸೆಬಿ ಎಂಬ ಸಂಸ್ಥೆ ನಮ್ಮ ಷೇರುಪೇಟೆಗಳ ಕಾವಲುಗಾರ. ಅದು 2015ರಲ್ಲಿ ತಂದ ನಿಯಮಗಳ 46ನೆಯ ಕಲಮಿನ ಪ್ರಕಾರ ಇಂಥ ಪ್ರತಿಯೊಂದು ಕಂಪೆನಿಯೂ ಜಾಲತಾಣವನ್ನು ನಡೆಸಬೇಕು. ಅದರಲ್ಲಿ ವ್ಯವಹಾರದ ವಿವರ, ಹಣಕಾಸಿನ ಫಲಿತಾಂಶ, ವಾರ್ಷಿಕ ವರದಿ, ಯಾರ ಬಳಿ ಎಷ್ಟು ಪಾಲು ಷೇರುಗಳಿವೆ ಎಂಬ ಪಟ್ಟಿ, ದೂರು ಕೇಳುವ ಅಧಿಕಾರಿಯ ಹೆಸರು, ವಿಳಾಸ ಎಲ್ಲ ಇರಬೇಕು. ಮೂರು ತಿಂಗಳಿಗೊಮ್ಮೆ ಬರುವ ಫಲಿತಾಂಶವನ್ನು ಅವಧಿ ಮುಗಿದ 45 ದಿನಗಳೊಳಗೆ, ವರ್ಷದ್ದನ್ನು 60 ದಿನಗಳೊಳಗೆ ಹೇಳಬೇಕು. ಏನಾದರೂ ಬದಲಾದರೆ ಎರಡು ಕೆಲಸದ ದಿನಗಳಲ್ಲಿ ಪುಟವನ್ನೂ ಬದಲಾಯಿಸಬೇಕು. ಇಷ್ಟನ್ನೂ ನಮ್ಮ ಹುಡುಗಿ ಬೆರಳು ಮಡಿಸಿ ಎಣಿಸಿದಳು. ಎಲ್ಲವೂ ಇತ್ತು. ಒಂದೂ ತಪ್ಪಿರಲಿಲ್ಲ.

ನಾನು ನೋಡತೊಡಗಿದೆ. ಮೊದಲು ಅಧ್ಯಕ್ಷರ ಭಾವಚಿತ್ರ. ಆಮೇಲೆ ಗಾಳಿಯಂತ್ರ, ಹಸಿರು ಹೊಲ, ನಗುವ ಶಾಲಾಮಕ್ಕಳು. (ಈ ಕಂಪೆನಿ ತಯಾರಿಸುವುದು ಕೊಳವೆ. ಮಕ್ಕಳು ಏಕೆ ನಗುತ್ತಿದ್ದರೋ!) ಹೂಡಿಕೆದಾರರಿಗೆ ಎಂಬ ಮಾತು ಪುಟದ ಕೆಳಗಿನ ಮೂಲೆಯಲ್ಲಿ. ಅದನ್ನು ಒತ್ತಿದರೆ ಕಡತಗಳ ಸಾಲು, ಒಂದರ ಕೆಳಗೆ ಒಂದು, ಎಲ್ಲವೂ ಇಂಗ್ಲಿಷಿನಲ್ಲಿ: ಪೋಸ್ಟಲ್ ಬ್ಯಾಲೆಟ್, ಸ್ಕ್ರೂಟಿನೈಸರ್ ವರದಿ, ಇಷ್ಟನೆಯ ನಿಯಮದಡಿ ಪ್ರಕಟಣೆ, ಅಷ್ಟನೆಯ ನಿಯಮದಡಿ ಪ್ರಕಟಣೆ. ಅವರ ಮೂರು ಕಾರ್ಖಾನೆಗಳಲ್ಲಿ ಒಂದು ಮುಚ್ಚಿದೆಯೆಂದು ಅವಳೇ ಊಟದ ಹೊತ್ತಿನಲ್ಲಿ ಹೇಳಿದ್ದಳು. “ಅದನ್ನು ಎಲ್ಲಿ ಹೇಳಿದ್ದೀರಿ?” ಎಂದೆ. ಅವಳು ವಾರ್ಷಿಕ ವರದಿಯನ್ನು ತೆರೆದು, ಇನ್ನೂರು ಚಿಲ್ಲರೆ ಪುಟಗಳನ್ನು ಸರಸರ ದಾಟಿ, ಲೆಕ್ಕಪತ್ರದ ಒಂದು ಟಿಪ್ಪಣಿಯ ಮೂರನೆಯ ವಾಕ್ಯಕ್ಕೆ ಬೆರಳಿಟ್ಟು ತೋರಿಸಿದಳು. “ಹೇಳಿದ್ದೇವಲ್ಲ ಚಿಕ್ಕಮ್ಮ!”

ಹೇಳಿದ್ದೇವಲ್ಲ! ಈ ಮಾತನ್ನು ನಾನು ಹಿಂದೆ ಎಲ್ಲಿ ಕೇಳಿದ್ದೆ? ನೆನಪಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಮ್ಮ ಸಂಬಂಧಿಕರ ಪೈಕಿ ಒಂದು ಮದುವೆಯಾಯಿತು. ಹುಡುಗನದು ಖಾಯಂ ನೌಕರಿ ಎಂದೇ ಹೆಣ್ಣಿನ ಕಡೆಯವರು ನಂಬಿದ್ದರು. ಮದುವೆಯಾಗಿ ನಾಲ್ಕು ತಿಂಗಳಿಗೆ ಅದು ವರ್ಷವರ್ಷಕ್ಕೂ ಮುಂದುವರಿಸಬೇಕಾದ ಗುತ್ತಿಗೆಯ ಕೆಲಸವೆಂದು ಗೊತ್ತಾಯಿತು. ಕೇಳಿದ್ದಕ್ಕೆ ಬೀಗರ ಉತ್ತರ ಇದೇ: “ಹೇಳಿದ್ದೆವಲ್ಲ!” ಯಾವಾಗ ಹೇಳಿದ್ದರು? ನಿಶ್ಚಿತಾರ್ಥದ ದಿನ, ವಾಲಗ ಊದುತ್ತಿರುವಾಗ, ಎಲೆಯ ಮುಂದೆ ಕುಳಿತ ಹುಡುಗಿಯ ದೊಡ್ಡಪ್ಪನ ಕಿವಿಯಲ್ಲಿ. ದೊಡ್ಡಪ್ಪನಿಗೆ ಕಿವಿ ಸ್ವಲ್ಪ ಮಂದ. ಸುಳ್ಳು ಹೇಳಿದರೆಂದು ಅವರನ್ನು ಯಾವ ನ್ಯಾಯಾಲಯದಲ್ಲಿಯೂ ನಿಲ್ಲಿಸಲಾಗದು. ಬಚ್ಚಿಟ್ಟರೆಂದೂ ಹೇಳಲಾಗದು. ಆದರೆ ಆ ಹುಡುಗಿಗೆ ಮೋಸವಾಗಲಿಲ್ಲ ಎಂದು ನಿಮ್ಮಲ್ಲಿ ಯಾರಾದರೂ ಹೇಳುತ್ತೀರಾ?

ಅಲ್ಲಿ ನಡೆದದ್ದು ಒಂದು ಬಗೆಯ ಜಾಣತನ. ಮುಂದೆ ಯಾರಾದರೂ ದೂರಿದರೆ ತೋರಿಸಲು ಒಂದು ಸಾಕ್ಷಿಯಿರಲಿ, ಆದರೆ ಈಗ ಯಾರಿಗೂ ಕೇಳಿಸದಿರಲಿ ಎಂಬ ಜಾಣತನ. ಕೇಳುವವರ ಸಲುವಾಗಿ ಹೇಳುವುದು ಒಂದು, ಹೇಳುವವರ ರಕ್ಷಣೆಗಾಗಿ ಹೇಳುವುದು ಇನ್ನೊಂದು. ಮಾತು ಎರಡರಲ್ಲಿಯೂ ಅದೇ ಇರಬಹುದು. ಪಾಲಕರಿಗೆ ಕೊಡುವ ಅಂಕಪಟ್ಟಿಯಲ್ಲಿ “ಪ್ರಗತಿ ಸಮಾಧಾನಕರ” ಎಂದು ಬರೆಯುವುದು ನಮ್ಮ ವೃತ್ತಿಯಲ್ಲಿ ಬಲು ಸುಲಭ. ಏಳನೆಯ ತರಗತಿಯ ಹುಡುಗನಿಗೆ ಒಂದು ಸಾಲನ್ನು ತಡವರಿಸದೆ ಓದಲು ಬರುವುದಿಲ್ಲ ಎಂದು ಅವನ ತಾಯಿಯನ್ನು ಕೂರಿಸಿಕೊಂಡು ಹೇಳುವುದು ಕಷ್ಟ. ಆಕೆ ಅಳುತ್ತಾಳೆ, ಕೆಲವೊಮ್ಮೆ ಜಗಳಕ್ಕೂ ಬರುತ್ತಾಳೆ. ಆದರೆ ಮರುದಿನದಿಂದ ಆಕೆ ಏನಾದರೂ ಮಾಡಬಲ್ಲಳು. ಸಮಾಧಾನಕರ ಎಂದು ಓದಿದ ತಾಯಿ ಏನು ಮಾಡಬಲ್ಲಳು?

ಹುಡುಗಿ ಸುಮ್ಮನೆ ಕೇಳಿಸಿಕೊಳ್ಳುವವಳಲ್ಲ. ಅವಳ ವಾದದಲ್ಲಿಯೂ ಹುರುಳಿತ್ತು. ಮೊದಲೆಲ್ಲ ಕಂಪೆನಿಯ ಒಳಸುದ್ದಿ ದೊಡ್ಡವರಿಗೆ, ಹತ್ತಿರದವರಿಗೆ ಮೊದಲು ತಿಳಿಯುತ್ತಿತ್ತು. ಸಣ್ಣವರಿಗೆ ಗೊತ್ತಾಗುವ ಹೊತ್ತಿಗೆ ಅವರು ಮಾರಿ ಕೈತೊಳೆದುಕೊಂಡಿರುತ್ತಿದ್ದರು. ಈಗ ಎಲ್ಲರಿಗೂ ಒಂದೇ ಸುದ್ದಿ, ಒಂದೇ ಹೊತ್ತಿಗೆ. ಫಲಿತಾಂಶದ ನಂತರ ಕಂಪೆನಿಯವರು ದೊಡ್ಡ ಹೂಡಿಕೆದಾರರೊಡನೆ ಫೋನಿನಲ್ಲಿ ನಡೆಸುವ ಸಂಭಾಷಣೆಯ ಧ್ವನಿಮುದ್ರಣವನ್ನೂ, ಬರೆದಿಳಿಸಿದ ಪ್ರತಿಯನ್ನೂ 2022ರ ಏಪ್ರಿಲಿನಿಂದ ಎಲ್ಲರ ಮುಂದಿಡಬೇಕೆಂದು ನಿಯಮವಾಗಿದೆ. ಇದು ಸಣ್ಣ ಮಾತಲ್ಲ, ನಿಜವಾದ ನ್ಯಾಯ. ಬಾಗಿಲು ಮುಚ್ಚಿ ಆಡುತ್ತಿದ್ದ ಮಾತನ್ನು ಈಗ ನಮ್ಮೂರಿನ ಅಡಿಗೆಮನೆಯಲ್ಲಿ ಕುಳಿತು ಕೇಳಬಹುದು. ನಾನೂ ಒಂದನ್ನು ಕೇಳಿದೆ. ಪ್ರಶ್ನೆ ಕೇಳಲು ಬಂದವರೆಲ್ಲ ಮೊದಲು “ಒಳ್ಳೆಯ ಫಲಿತಾಂಶಕ್ಕೆ ಅಭಿನಂದನೆಗಳು ಸರ್” ಎನ್ನುತ್ತಿದ್ದರು. ಇನ್ಸ್‌ಪೆಕ್ಟರು ಬಂದ ದಿನದ ನಮ್ಮ ಶಾಲೆ ನೆನಪಾಯಿತು. ಆದರೂ ನಡುವೆ ಒಬ್ಬ ಹುಡುಗಿ ಮುಚ್ಚಿದ ಕಾರ್ಖಾನೆಯ ಸಾಲದ ಬಗ್ಗೆ ಗಟ್ಟಿಯಾಗಿ ಕೇಳಿದಳು, ಉತ್ತರ ಕೊಡುವವರು ಗಂಟಲು ಸರಿಮಾಡಿಕೊಂಡರು. ಆ ಗಂಟಲಿನ ಸದ್ದು ನನಗೆ ಇನ್ನೂರು ಪುಟದ ವರದಿಗಿಂತ ಹೆಚ್ಚು ಹೇಳಿತು.

ಅವಳ ಎರಡನೆಯ ವಾದ ಇನ್ನೂ ಗಟ್ಟಿ. “ಕೆಟ್ಟ ಸುದ್ದಿಯನ್ನು ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದರೆ ಷೇರಿನ ಬೆಲೆ ಬೀಳುತ್ತದೆ. ನಷ್ಟವಾಗುವುದು ಯಾರಿಗೆ? ನೀವು ಯಾರ ಪರವಾಗಿ ಮಾತನಾಡುತ್ತಿದ್ದೀರೋ ಅವರಿಗೇ.” ಒಪ್ಪಿದೆ. ಆದರೆ ಸುದ್ದಿಯಿಂದ ಬಿದ್ದ ಬೆಲೆ ನಿಜವಾದ ಬೆಲೆ. ಟಿಪ್ಪಣಿ ಓದಬಲ್ಲವರು ಇಂದು ಮಾರುವುದು, ಓದಲಾರದವರು ಅದನ್ನೇ ಕೊಳ್ಳುವುದು, ಆರು ತಿಂಗಳ ಮೇಲೆ ಬೆಲೆ ಹೇಗೂ ಬೀಳುವುದು – ಇದರಲ್ಲಿ ನಷ್ಟ ತಪ್ಪಲಿಲ್ಲ, ಓದಬಲ್ಲವರ ತಲೆಯಿಂದ ಓದಲಾರದವರ ತಲೆಗೆ ದಾಟಿತು ಅಷ್ಟೆ.

ಹಾಗೆಂದು ಪುಟ ತುಂಬಿದ ಮಾತ್ರಕ್ಕೆ ಸತ್ಯ ತುಂಬುವುದಿಲ್ಲ. ಹೈದರಾಬಾದಿನ ಸತ್ಯಂ ಕಂಪೆನಿಯನ್ನು ನೀವು ಮರೆತಿರಲಾರಿರಿ. ನ್ಯೂಯಾರ್ಕಿನ ಷೇರುಪೇಟೆಯಲ್ಲಿಯೂ ಅದರ ಹೆಸರಿತ್ತು. ಒಳ್ಳೆಯ ಆಡಳಿತಕ್ಕೆಂದು 2008ರ ಸೆಪ್ಟೆಂಬರಿನಲ್ಲಿ ಅದಕ್ಕೆ ಗೋಲ್ಡನ್ ಪೀಕಾಕ್ ಪ್ರಶಸ್ತಿಯೂ ಬಂತು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗರಾಜು ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕಿನ ಹಣದಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಒಂದೇ ದಿನದಲ್ಲಿ ಷೇರಿನ ಬೆಲೆ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿಯಿತು. 2015ರ ಏಪ್ರಿಲಿನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ಅವರನ್ನು ಅಪರಾಧಿಯೆಂದು ತೀರ್ಮಾನಿಸಿತು. ಅದೂ ತನ್ನ ಲೆಕ್ಕವನ್ನು ತಪ್ಪದೆ ಪ್ರಕಟಿಸುತ್ತಿದ್ದ ಕಂಪೆನಿಯೇ. ಸುಳ್ಳನ್ನು ಯಾವ ನಿಯಮದ ಪಟ್ಟಿಯೂ ತಡೆಯಲಾರದು, ಅದು ಪೊಲೀಸರ ವಿಷಯ. ನಾನು ಹೇಳುತ್ತಿರುವುದು ಸುಳ್ಳಾಡದವರ ವಿಷಯ, ಮತ್ತು ಅಂಥವರೇ ಹೆಚ್ಚು.

ಅಂಥವರಲ್ಲಿ ಕಾನೂನು ಕೇಳಿದ್ದಕ್ಕಿಂತ ಹೆಚ್ಚು ಹೇಳಿದವರೂ ಇದ್ದಾರೆ. ನಮ್ಮ ಬೆಂಗಳೂರಿನ ಇನ್ಫೋಸಿಸ್ 1993ರಲ್ಲಿ ಜನರಿಂದ ಷೇರು ಹಣ ಸಂಗ್ರಹಿಸಿದ ಮೇಲೆ, ಭಾರತದ ಕಾನೂನು ಕೇಳದಿದ್ದರೂ ಅಮೆರಿಕದ ಲೆಕ್ಕಪದ್ಧತಿಯಲ್ಲಿಯೂ ತನ್ನ ಲೆಕ್ಕವನ್ನು ಬರೆದು ಪ್ರಕಟಿಸತೊಡಗಿತು. ಆದರೆ ನನ್ನ ಮನಸ್ಸಿಗೆ ಹಿಡಿಸಿದ್ದು ಅಮೆರಿಕದ ವಾರೆನ್ ಬಫೆಟ್ ಅವರ ಒಂದು ರೂಢಿ. ಬರ್ಕ್‌ಷೈರ್ ಹ್ಯಾಥವೇ ಎಂಬ ಭಾರಿ ಕಂಪೆನಿಯನ್ನು ದಶಕಗಳ ಕಾಲ ನಡೆಸಿದ ಅವರು, ವಾರ್ಷಿಕ ವರದಿ ಬರೆಯಲು ಕುಳಿತಾಗ ತಮ್ಮ ಇಬ್ಬರು ಸಹೋದರಿಯರೊಡನೆ ಮಾತನಾಡುತ್ತಿರುವಂತೆ ಭಾವಿಸಿಕೊಂಡು ಬರೆಯುತ್ತಿದ್ದರಂತೆ. 1998ರಲ್ಲಿ ಅಲ್ಲಿನ ಷೇರುಪೇಟೆಯ ಸರ್ಕಾರಿ ಆಯೋಗ ಸರಳ ಭಾಷೆಯಲ್ಲಿ ಬರೆಯುವುದು ಹೇಗೆಂದು ಕಂಪೆನಿಗಳಿಗೊಂದು ಕೈಪಿಡಿ ಹೊರಡಿಸಿದಾಗ ಅದರ ಮುನ್ನುಡಿಯಲ್ಲಿ ಇದನ್ನು ಅವರೇ ಹೇಳಿದ್ದಾರೆ. ಒಬ್ಬರು ಅಕ್ಕ, ಒಬ್ಬರು ತಂಗಿ. ಇಬ್ಬರೂ ಬುದ್ಧಿವಂತೆಯರು, ಆದರೆ ಲೆಕ್ಕಪತ್ರದ ಪಂಡಿತೆಯರಲ್ಲ. ಆ ಕಂಪೆನಿಯ ಜಾಲತಾಣವನ್ನೂ ಹುಡುಗಿ ತೆರೆದು ತೋರಿಸಿದಳು. ಚಿತ್ರವಿಲ್ಲ, ಗಾಳಿಯಂತ್ರವಿಲ್ಲ, ನಗುವ ಮಗುವಿಲ್ಲ. ನಮ್ಮ ಶಾಲೆಯ ಸೂಚನಾಫಲಕದಷ್ಟೇ ಬೋಳು. ಅಕ್ಕನಿಗೆ ಬರೆಯುವವನು ಕಾರ್ಖಾನೆ ಮುಚ್ಚಿದ್ದನ್ನು ಇನ್ನೂರನೆಯ ಪುಟದಲ್ಲಿ ಬರೆಯುವುದಿಲ್ಲ. ಬರೆದರೆ ಅಕ್ಕ ಬಿಡುತ್ತಾಳೆಯೇ?

ನಮ್ಮ ನಾಡಿನಲ್ಲಿಯೂ ಇಂಥದೊಂದು ರೂಢಿಯಿತ್ತೆಂದು ನನಗೆ ಹೆಮ್ಮೆ. ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಪ್ರಾರಂಭಿಸಿತು. ದಿನಕ್ಕೆ ಎರಡಾಣೆಯಾದರೂ ಸರಿ, ಏಜೆಂಟರು ಮನೆಬಾಗಿಲಿಗೇ ಬಂದು ಪಡೆಯುತ್ತಿದ್ದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ನಮ್ಮ ಬೀದಿಗೆ ಬರುತ್ತಿದ್ದ ಪಿಗ್ಮಿಯವರು ಅಜ್ಜಿಯಂದಿರಿಗೆ ಪುಸ್ತಕದಲ್ಲಿ ಬರೆದು ತೋರಿಸಿ, ಬಾಯಲ್ಲಿಯೂ ಹೇಳಿ, “ಎಷ್ಟಾಯಿತು, ನೀವು ಹೇಳಿ” ಎಂದು ತಿರುಗಿ ಕೇಳುತ್ತಿದ್ದರು. ಅಕ್ಷರ ಬಾರದ ಅಜ್ಜಿ ಮೊತ್ತ ಹೇಳಿದ ಮೇಲೆಯೇ ಅವರು ಮುಂದಿನ ಮನೆಗೆ.

ಹೇಳುವುದಕ್ಕೂ ತಿಳಿಸುವುದಕ್ಕೂ ಇರುವ ಅಂತರ ಕೇವಲ ತರ್ಕದ ಮಾತಲ್ಲವೆಂದು ಅರಿಯಲು ನಮ್ಮ ಹಿಂದಿನ ಬೀದಿಯ ವೃದ್ಧೆಯೊಬ್ಬರ ಕಥೆ ಸಾಕು. ಅವರ ಯಜಮಾನರು ಗುಮಾಸ್ತರಾಗಿದ್ದವರು, ಯಾವಾಗಲೋ ಒಂದು ಕಂಪೆನಿಯ ಷೇರು ಕೊಂಡಿದ್ದರು. ಕಾಗದದ ಷೇರುಪತ್ರಗಳು ಟ್ರಂಕಿನಲ್ಲಿ ರೇಷ್ಮೆ ಸೀರೆಯ ಕೆಳಗಿದ್ದವು. ಅವರು ತೀರಿಕೊಂಡರು. ಈಕೆ ಬಾಡಿಗೆ ಮನೆ ಬದಲಾಯಿಸಿದರು. ಲಾಭಾಂಶದ ಚೆಕ್ಕು ಹಳೆಯ ವಿಳಾಸಕ್ಕೆ ಹೋಗಿ ಹಿಂದಿರುಗಿತು. ಕೇಳುವವರಿಲ್ಲದ ಲಾಭಾಂಶ ಯಾರ ಯಾರದೆಂದು ಹೆಸರು, ವಿಳಾಸ, ಮೊತ್ತದ ಸಮೇತ ಜಾಲತಾಣದಲ್ಲಿ ಹಾಕಬೇಕೆಂದು 2013ರ ಕಂಪೆನಿ ಕಾಯಿದೆ ಹೇಳುತ್ತದೆ. ಕಂಪೆನಿ ಹಾಕಿತ್ತು. ಯಜಮಾನರ ಹೆಸರು, ಹಳೆಯ ಮನೆಯ ನಂಬರು ಎಲ್ಲ ಆ ಪಟ್ಟಿಯಲ್ಲಿ ವರ್ಷಗಟ್ಟಲೆ ಇತ್ತು. ಈಕೆ ಆ ಮನೆಯಿಂದ ಮೂರು ಬೀದಿ ಆಚೆ, ತಿಂಗಳ ಔಷಧಕ್ಕೆ ಮಗಳ ಕೈ ನೋಡುತ್ತ ಕುಳಿತಿದ್ದರು. ಏಳು ವರ್ಷ ಯಾರೂ ಕೇಳದಿದ್ದರೆ ಲಾಭಾಂಶವೂ, ಏಳು ವರ್ಷ ಒಂದೇ ಸಮನೆ ಹಾಗಾದರೆ ಆ ಷೇರುಗಳೂ ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತವೆ. ಹೋದವು.

ಹೋದದ್ದು ಮುಳುಗಿತೆಂದಲ್ಲ, ಈ ಪುಟ ಓದುತ್ತಿರುವ ಯಾರ ಮನೆಯಲ್ಲಾದರೂ ಹಳೆಯ ಟ್ರಂಕಿದ್ದರೆ ಇದನ್ನು ಗಮನಿಸಿ. ವಾರಸುದಾರರು ಆ ನಿಧಿಯ ಪ್ರಾಧಿಕಾರಕ್ಕೆ ಅರ್ಜಿ ಹಾಕಿ ಷೇರನ್ನೂ ಹಣವನ್ನೂ ಹಿಂದೆ ಪಡೆಯಬಹುದು. ಆದರೆ ದಾರಿ ಉದ್ದ. ಷೇರುಪತ್ರದಲ್ಲಿ ಯಜಮಾನರ ಹೆಸರು ಒಂದು ಬಗೆ, ಪಡಿತರ ಚೀಟಿಯಲ್ಲಿ ಇನ್ನೊಂದು, ಮರಣಪತ್ರದಲ್ಲಿ ಮತ್ತೊಂದು. ಹೆಂಗಸರದಂತೂ ಕೇಳಲೇಬೇಡಿ: ಮದುವೆಗೆ ಮುಂಚೆ ತಂದೆಯ ಇನಿಷಿಯಲ್ಲು, ಆಮೇಲೆ ಗಂಡನದು, ಇವರಿಬ್ಬರೂ ಒಬ್ಬಳೇ ಎಂದು ಅಫಿಡವಿಟ್ಟು ಮಾಡಿಸಬೇಕು. ಇಷ್ಟೆಲ್ಲ ದಾಟಿ ಆಕೆ ಕಂಪೆನಿಗೆ ಪತ್ರ ಬರೆಸಿದಾಗ ಬಂದ ಉತ್ತರದಲ್ಲಿ ಒಂದು ವಾಕ್ಯವಿತ್ತು: ವಿವರಗಳನ್ನು ನಮ್ಮ ಜಾಲತಾಣದಲ್ಲಿ ಪ್ರಕಟಿಸಿ ಷೇರುದಾರರಿಗೆ ತಿಳಿಸಲಾಗಿತ್ತು. ಆ ಪತ್ರವನ್ನು ಅವರಿಗೆ ಓದಿ ಹೇಳಿದವಳು ನಾನೇ. ತಿಳಿಸಲಾಗಿತ್ತು ಎಂಬಲ್ಲಿ ಆಕೆ “ಯಾರಿಗೆ?” ಎಂದರು.

ಕೇಳುವವರ ಕಡೆಯ ಹೊಣೆಯೂ ಒಂದಿದೆ. “ಅದೆಲ್ಲ ಅವರಿಗೇ ಗೊತ್ತು” ಎಂದು ಗಂಡಂದಿರ ಕಡೆ ಕೈತೋರಿಸಿ ನಾವು ಆರಾಮವಾಗಿರುತ್ತೇವೆ. ಚಿನ್ನ ಕೊಳ್ಳುವಾಗ ತೂಕದ ಮುಳ್ಳಿನ ಮೇಲೆ ಕಣ್ಣು ಕೀಲಿಸುವ ನಾವು, ನಮ್ಮದೇ ಹೆಸರಿನ ಷೇರಿನ ಕಾಗದ ಬಂದರೆ ಬಿಚ್ಚದೆ ಪತ್ರಿಕೆಗಳ ಕಟ್ಟಿಗೆ ಸೇರಿಸುತ್ತೇವೆ. ಆದರೆ ಎರಡು ಹೊಣೆಗಳೂ ಸರಿಸಮವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಪಾಠ ಅರ್ಥವಾಗದಿದ್ದರೆ ಮಗು ಕೈ ಎತ್ತಬೇಕು, ನಿಜ. ಎತ್ತದ ಮಗುವಿನ ಮುಖ ನೋಡುವುದು ಮಾತ್ರ ಸಂಬಳ ಪಡೆಯುವವಳ ಕೆಲಸ.

ಭಾಷೆ ಬದಲಿಸಿದರೆ ಎಲ್ಲ ಸರಿಹೋಗುತ್ತದೆಂಬ ಭ್ರಮೆಯೂ ನನಗಿಲ್ಲ. ಕಂಪೆನಿಗಳ ಫಲಿತಾಂಶ ಕನ್ನಡ ಪತ್ರಿಕೆಗಳಲ್ಲಿಯೂ ಜಾಹೀರಾತಾಗಿ ಬರುವುದನ್ನು ಎಷ್ಟೋ ವರ್ಷಗಳಿಂದ ನೋಡಿದ್ದೇನೆ. ಇರುವೆ ಸಾಲಿನಂಥ ಅಕ್ಷರ, ಅದರಲ್ಲಿ “ಅಸಾಧಾರಣ ಬಾಬ್ತುಗಳ ನಂತರದ ನಿವ್ವಳ ಲಾಭ”. ಎಂ.ಎ. ಓದಿದ ನಮ್ಮ ಮುಖ್ಯೋಪಾಧ್ಯಾಯಿನಿಗೂ ಅದು ಬಿಡಿಸಲಾಗದ ಒಗಟು.

ಹುಡುಗಿ ಹೊರಡುವ ದಿನ ಒಂದು ಕೆಲಸ ಹಚ್ಚಿದಳು. “ಸರಿ ಚಿಕ್ಕಮ್ಮ, ಹಾಗಾದರೆ ನೀವೇ ಬರೆದುಕೊಡಿ. ಕನ್ನಡದಲ್ಲಿ ಒಂದೇ ಪುಟ. ಎಲ್ಲವೂ ಈಗಾಗಲೇ ಪ್ರಕಟವಾಗಿರುವ ಸಂಗತಿಗಳೇ ಆಗಿರಬೇಕು, ಹೊಸದು ಒಂದೂ ಬೇಡ. ಒಪ್ಪಿಸುವ ಪ್ರಯತ್ನ ಮಾಡುತ್ತೇನೆ.” ಎರಡು ಭಾನುವಾರ ಕುಳಿತು ಬರೆದೆ. ಈ ವರ್ಷ ಎಷ್ಟು ಬಂತು, ಎಷ್ಟು ಹೋಯಿತು, ಸಾಲ ಎಷ್ಟಿದೆ, ಏನು ಕೆಟ್ಟಿತು. ವಿಳಾಸ ಬದಲಾಗಿದ್ದರೆ, ಯಜಮಾನರು ತೀರಿಕೊಂಡಿದ್ದರೆ ಯಾರಿಗೆ ಬರೆಯಬೇಕು. ಕೇಳುವವರಿಲ್ಲದ ಹಣದ ಪಟ್ಟಿಯನ್ನು ಊರಿನ ಹೆಸರಿನಿಂದ ಹುಡುಕುವಂತೆ ಮಾಡಿ ಎಂದೂ ಸೇರಿಸಿದೆ. ಮೊದಲ ಎರಡು ವಾಕ್ಯ ಹೀಗಿದ್ದವು: “ನಮ್ಮ ಮೂರು ಕಾರ್ಖಾನೆಗಳಲ್ಲಿ ಒಂದನ್ನು ಮುಚ್ಚಿದ್ದೇವೆ. ಅದಕ್ಕಾಗಿ ಮಾಡಿದ ಸಾಲ ಇನ್ನೂ ತೀರಿಲ್ಲ.”

ಮೊನ್ನೆ ಅವಳ ಫೋನು ಬಂತು. ಊರಿನ ಹೆಸರಿನಿಂದ ಹುಡುಕುವ ಏರ್ಪಾಟಿಗೆ ಮೇಲಿನವರು ಒಪ್ಪಿದ್ದಾರೆ, ಅದು ಮುಂದಿನ ತಿಂಗಳು ಬರುತ್ತದೆ. ಕನ್ನಡದ ಪುಟವೂ ಇರಲಿ ಎಂದಿದ್ದಾರೆ. ಆದರೆ ಮೊದಲ ವಾಕ್ಯದಲ್ಲಿ “ಮುಚ್ಚಿದ್ದೇವೆ” ಎಂಬುದನ್ನು ಹೊಡೆದುಹಾಕಿ “ಕಾರ್ಯಾಚರಣೆಯನ್ನು ಮರುಹೊಂದಿಸಲಾಗಿದೆ” ಎಂದು ತಿದ್ದಿದ್ದಾರೆ. ಅವಳು ಮತ್ತೆ “ಮುಚ್ಚಿದ್ದೇವೆ” ಎಂದು ಬರೆದು ವಾಪಸು ಕಳಿಸಿದ್ದಾಳೆ. ಗುರುವಾರ ಅವರ ಸಭೆಯಿದೆ. ಸಾಲದ ವಾಕ್ಯದ ಬಗ್ಗೆ ಇನ್ನೂ ಯಾರೂ ಏನೂ ಹೇಳಿಲ್ಲವಂತೆ.